ಬಂದರಿನ ನಕ್ಷೆಯಲ್ಲಿ ಇಲ್ಲದ ಹೋಟೆಲು

ದೊಡ್ಡ ಯೋಜನೆಗಳ ಪುಟ್ಟ ಮಾದರಿ ಮಾಡಿಕೊಡುವ, ಮುಂಬೈ ಪಕ್ಕದ ಠಾಣೆಯ ಒಂದು ಕಚೇರಿಯಲ್ಲಿ ನನಗೆ ಕೆಲಸ. ಹುಟ್ಟಿದ್ದು ಮೈಸೂರು, ಇರುವುದು ಡೊಂಬಿವಲಿ. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಒಂಟಿ ಕಾಲ ಮೇಲೆ ನಿಂತು ಬರುತ್ತೇನೆ. ಬಂದ ಮೇಲೆ, ಜನರೇ ಇಲ್ಲದ ಬೆರಳುದ್ದದ ರೈಲುಗಳನ್ನು ಹಳಿಗೆ ಅಂಟಿಸುತ್ತೇನೆ.

ಈ ಸಲ ಮಳೆಗಾಲಕ್ಕೆ ಮುಂಚೆ ನಮ್ಮ ಪಾಲಿಗೆ ಬಂದದ್ದು ನವಿ ಮುಂಬೈ ಕಡೆಯ ಕೆಲಸ. ಬಂದರನ್ನೂ ವಿಮಾನ ನಿಲ್ದಾಣವನ್ನೂ ಒಟ್ಟಿಗೆ ಹೇಗೆ ಬೆಳೆಸಬಹುದು ಎಂದು ತೋರಿಸುವ ಮಾದರಿ. ನಕ್ಷೆಯೂ ನಮ್ಮ ಕಚೇರಿಯದೇ. ಹಡಗು ನಿಲ್ಲುವ ಹೊಸ ಧಕ್ಕೆ, ತಾನಾಗಿಯೇ ಓಡಾಡುವ ಕ್ರೇನು, ರನ್‌ವೇ, ಗೋದಾಮು, ಲಾರಿ ನಿಲ್ಲಿಸಲು ಮೈದಾನದಂಥ ಜಾಗ, ಎಲ್ಲವೂ ಅದರಲ್ಲಿದ್ದವು.

ನನ್ನ ಜೊತೆಗೆ ಕೆಲಸ ಮಾಡುವವರು ಉಡುಪಿ ಕಡೆಯವರು, ನಿವೃತ್ತಿಗೆ ಹತ್ತಿರವಾದವರು. ನಾನು ಅವರನ್ನು ಮಾಮ ಎನ್ನುತ್ತೇನೆ. ಅವರ ಮನೆತನದಲ್ಲಿ ಎಲ್ಲರೂ ಹೋಟೆಲಿನವರು. ಇವರೊಬ್ಬರೇ ಅಂಟು, ಕತ್ತರಿ ಹಿಡಿದವರು.

ಒಂದು ಮಧ್ಯಾಹ್ನ ಲಾರಿಗಳನ್ನು ಸಾಲಾಗಿ ಅಂಟಿಸುತ್ತಿದ್ದ ಮಾಮ ಚಿಮಟ ಕೆಳಗಿಟ್ಟರು.

"ಇಷ್ಟು ಲಾರಿ ಉಂಟಲ್ಲ ಮಾರಾಯ್ತಿ, ಇವರು ಚಾ ಕುಡಿಯುವುದು ಎಲ್ಲಿ?"

ನಕ್ಷೆಯನ್ನೆಲ್ಲ ಹುಡುಕಿದೆ. ವಿಮಾನ ಹತ್ತುವವರಿಗೆ ಕಾಫಿ ಕುಡಿಯಲು ಮೂರು ಕಡೆ ಜಾಗವಿತ್ತು. ಲಾರಿಯವರಿಗೆ ಏನೂ ಇರಲಿಲ್ಲ. ಹಾಗೆಂದು ಹೇಳಿದೆ.

"ಇಲ್ಲದಿದ್ದರೆ ಮಾಡುವ," ಎಂದರು.

ಉಳಿದ ಹಲಗೆ ಚೂರಿನಲ್ಲಿ ಹುಣಸೆಬೀಜದಷ್ಟು ದೊಡ್ಡ ಹೋಟೆಲು ತಯಾರಾಯಿತು. ಕೆಂಪು ಹೆಂಚಿನ ಮಾಡು, ಮುಂದೆ ಕಡ್ಡಿಯ ಬೆಂಚು. ನಾನು ತಡೆಯಬೇಕಿತ್ತು. ತಡೆಯುವ ಬದಲು ಕುಂಚದ ಒಂದೇ ಕೂದಲು ಬಣ್ಣಕ್ಕದ್ದಿ 'ಚಾ-ತಿಂಡಿ' ಎಂದು ಕನ್ನಡದಲ್ಲಿ ಬೋರ್ಡು ಬರೆದೆ. ಓದುವವರು ಯಾರಿದ್ದಾರೆ ಎಂಬ ಧೈರ್ಯ.

ಮರುವಾರ ಮಾದರಿ ನೋಡಲು ಹಿರಿಯ ಅಧಿಕಾರಿಯೊಬ್ಬರು ಬಂದರು. ನಮ್ಮ ಕಚೇರಿ ನಡೆಸುವ ಮ್ಯಾಡಮ್ ಕೋಲು ಹಿಡಿದು ಕ್ರೇನುಗಳ ಗುಣಗಾನ ಮಾಡುತ್ತಿದ್ದರು. ಅಧಿಕಾರಿ ಹೂಂಗುಟ್ಟುತ್ತಲೇ ಕನ್ನಡಕ ತೆಗೆದು ಲಾರಿಗಳ ಮೇಲೆ ಬಗ್ಗಿದರು.

"ಯೇ ಕ್ಯಾ ಹೈ?"

ಮ್ಯಾಡಮ್ ಕೂಡ ಬಗ್ಗಿದರು. ಆಮೇಲೆ ನನ್ನತ್ತ ನೋಡಿದರು. ನಾನು ಮಾಮನತ್ತ ನೋಡಿದೆ. ಮಾಮ ಫ್ಯಾನು ನೋಡುತ್ತಿದ್ದರು.

ನನ್ನ ಹರುಕು ಹಿಂದಿಯಲ್ಲಿ, ಇದು ಚಾಲಕರು ತಿಂಡಿ ತಿಂದು ದಣಿವಾರಿಸಿಕೊಳ್ಳುವ ಜಾಗ ಎಂದೆ. ಹಾಗಾದರೆ ಬಾತ್‌ರೂಮ್ ಎಲ್ಲಿ ಎಂದು ಕೇಳಿದರು. ಬಾಯಿಗೆ ಬಂದಂತೆ, ಹಿಂದುಗಡೆ ಎಂದುಬಿಟ್ಟೆ. ಪುಣ್ಯಾತ್ಮರು ಮೇಜು ಸುತ್ತಿಕೊಂಡು ಹಿಂದುಗಡೆ ನೋಡಲು ಹೊರಟರು. ಅಲ್ಲಿದ್ದದ್ದು ಒಣಗಿದ ಒಂದು ತೊಟ್ಟು ಅಂಟು. ಕೆಲಸ ನಡೆಯುತ್ತಿದೆ ಸಾರ್, ಎಂದೆ.

ಅವರು ನಗಲಿಲ್ಲ. ಇದನ್ನು ದೊಡ್ಡದು ಮಾಡಿ, ಬಾತ್‌ರೂಮ್ ಸಮೇತ ನಕ್ಷೆಗೇ ಸೇರಿಸಿ ಎಂದರು. ಯಾರ ಯೋಚನೆ ಇದು ಎಂದೂ ಕೇಳಿದರು. ನಮ್ಮ ತಂಡದ್ದು ಎಂದು ಮ್ಯಾಡಮ್ ತಡಮಾಡದೆ ಹೇಳಿದರು.

ಅಧಿಕಾರಿ ಹೋದ ಮೇಲೆ ನಾವಿಬ್ಬರೂ ಮ್ಯಾಡಮ್ ಅವರ ಕ್ಯಾಬಿನ್ನಿನಲ್ಲಿ ತಲೆ ತಗ್ಗಿಸಿ ನಿಂತೆವು. ಬೋರ್ಡಿನಲ್ಲಿ ಏನು ಬರೆದಿದ್ದೀರಿ ಎಂದು ಮ್ಯಾಡಮ್ ಕೇಳಿದರು. ಹೇಳಿದೆ. ಮರಾಠಿಯಲ್ಲೂ ಬರೆಯಿರಿ ಎಂದರು. ನಾವು ಬಾಗಿಲು ದಾಟುವಾಗ, ಇನ್ನು ಮೇಲೆ ತನ್ನನ್ನು ಕೇಳದೆ ಊರು ಕಟ್ಟಬಾರದು ಎಂದೂ ಸೇರಿಸಿದರು.

ತಿದ್ದಿದ ನಕ್ಷೆ ಬಂದಾಗ ನಮ್ಮ ಹೋಟೆಲು ಎರಡಂತಸ್ತಿನ ಗಾಜಿನ ಕಟ್ಟಡವಾಗಿತ್ತು. "ಚಾ ಕುಡಿಯಲಿಕ್ಕೆ ಇವರಿಗೆ ಲಿಫ್ಟು ಬೇರೆ," ಎಂದು ಮಾಮ ಇಡೀ ದಿನ ಗೊಣಗಿದರು. ಗೊಣಗುತ್ತಲೇ ಅದನ್ನು ಎಷ್ಟು ಚೆಂದ ಮಾಡಿದರೆಂದರೆ, ನೆರೂಳಿನಲ್ಲಿ ಮಾದರಿಯನ್ನು ಪ್ರದರ್ಶನಕ್ಕಿಟ್ಟಾಗ ವಿಮಾನ ನೋಡಲು ಬಂದ ಮಕ್ಕಳೂ ಅದರ ಮುಂದೆ ನಿಂತು ಫೋಟೊ ಹೊಡೆಸಿಕೊಂಡರು. ಅದನ್ನು ನಿಜವಾಗಿ ಕಟ್ಟುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಈಗ ಕಲ್ಯಾಣದ ಒಂದು ಬಸ್ ನಿಲ್ದಾಣದ ಮಾದರಿ ಮಾಡುತ್ತಿದ್ದೇವೆ. ಸಂಜೆ ಮನೆಗೆ ಹೊರಡುವ ಮೊದಲು ಮ್ಯಾಡಮ್ ಭೂತಗನ್ನಡಿ ಹಿಡಿದು ಮೇಜಿನ ಸುತ್ತ ಒಂದು ಸುತ್ತು ಬರುತ್ತಾರೆ.