ಮಾವನವರ ಧಾರಾಳದ ಎಣ್ಣೆ

ಮಂಡಿನೋವು ಹೆಚ್ಚಾಗಿ ಟ್ರ್ಯಾಕ್ಟರ್ ಮಾರಿದ ಮೇಲೆ ನಮ್ಮ ಮಾವನವರಿಗೆ ಉಳಿದ ಒಂದೇ ಯಂತ್ರವೆಂದರೆ ನನ್ನ ಕಾರು. ಶಿಕಾರಿಪುರದಿಂದ ಸೊರಬದ ಕೆಲಸಕ್ಕೆ ನಾನು ದಿನಾ ಅದರಲ್ಲೇ ಹೋಗಿಬರುತ್ತೇನೆ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ದಾರಿಯುದ್ದಕ್ಕೂ ಧೂಳು. ಅದಕ್ಕೇ ತೊಳೆದು, ಎಣ್ಣೆ ಹಾಕಿ ಮತ್ತೆ ಬಳಸುವಂಥ, ಮಡಿಕೆ ಮಡಿಕೆಯಾದ ಹತ್ತಿಬಟ್ಟೆಯ ಏರ್ ಫಿಲ್ಟರ್ ಹಾಕಿಸಿದ್ದೆ. ಭಾನುವಾರ ಬಂತೆಂದರೆ ಮಾವ ಲುಂಗಿ ಎತ್ತಿ ಕಟ್ಟಿ ಅದನ್ನು ಬಿಚ್ಚಿಕೊಂಡು ಕೂರುತ್ತಿದ್ದರು. ವಾರವಾರ ತೊಳೆಯುವ ಅಗತ್ಯವೇನೂ ಇಲ್ಲ. ಆದರೆ ಆ ದಿನ ಅವರಿಗೆ ಮಂಡಿಯೂ ನೋಯುತ್ತಿರಲಿಲ್ಲ, ಮಾತಾಡಿಸಿದರೆ ಸಿಟ್ಟೂ ಬರುತ್ತಿರಲಿಲ್ಲ. ಹಾಗಾಗಿ ನಾನು ತಡೆಯುತ್ತಿರಲಿಲ್ಲ.

ಕೈ ಮಾತ್ರ ಧಾರಾಳ. ಅವರ ಹಳೇ ಟ್ರ್ಯಾಕ್ಟರಿನಲ್ಲಿ ಗಾಳಿ ಸೋಸಲು ಒಂದು ಬಟ್ಟಲು ಎಣ್ಣೆ ಇರುತ್ತಿತ್ತು, ಧೂಳೆಲ್ಲ ಅದರಲ್ಲಿ ಮುಳುಗುತ್ತಿತ್ತು. ಆ ಅಂದಾಜಿನಲ್ಲೇ ಇದಕ್ಕೂ ಸುರಿಯುತ್ತಿದ್ದರು.

"ಎಣ್ಣಿಗೆ ಜಿಪುಣತನ ಮಾಡಿದ್ರೆ ಎಂಜಿನ್ನು ಕೈ ಕೊಡ್ತೈತವ್ವಾ" ಎನ್ನುವುದು ಅವರ ವೇದವಾಕ್ಯ.

ಒಂದು ಸೋಮವಾರ ಶಿರಾಳಕೊಪ್ಪ ದಾಟುತ್ತಲೇ ಕಾರು ಮುಗ್ಗರಿಸತೊಡಗಿತು. ಎಷ್ಟು ಒತ್ತಿದರೂ ಎಳೆಯದು. ಹೇಗೋ ಸೊರಬ ಮುಟ್ಟಿದೆ. ಅಲ್ಲಿಯ ಮೆಕ್ಯಾನಿಕ್ ಫಿಲ್ಟರಿನ ಹಿಂದಿನ ಕೊಳವೆ ಬಿಚ್ಚಿ, ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ತೋರಿಸಿದ. ಕೂದಲೆಳೆಯಂಥ ಅದರ ತಂತಿಗೆ ಫಿಲ್ಟರಿನಿಂದ ಬಂದ ಎಣ್ಣೆ, ಎಣ್ಣೆಗೆ ಧೂಳು ಅಂಟಿತ್ತು.

"ಎಂತ ಅಕ್ಕಾ, ಫಿಲ್ಟರಿಗೆ ಎಣ್ಣೆ ಹಾಕಿದ್ರೋ, ಬೋಂಡ ಕರಿಯಕ್ಕೆ ಇಟ್ಟಿದ್ರೋ?"

ಬಟ್ಟೆ ಮುಟ್ಟಿಸದೆ, ಅದಕ್ಕೆಂದೇ ಇರುವ ಸ್ಪ್ರೇ ಹೊಡೆದು, ಒಣಗುವ ತನಕ ಕಾದು ಜೋಡಿಸಿದ. ಕಾರು ಸರಿಹೋಯಿತು. "ಇದನ್ನ ತೆಗೆದು ಪೇಪರ್ ಫಿಲ್ಟರ್ ಹಾಕ್ಸಿ ಅಕ್ಕಾ. ಮನೇಲಿ ಯಾರೂ ಮುಟ್ಟೋದೇ ಬ್ಯಾಡ" ಎಂದ. ಬುದ್ಧಿಮಾತೇ. ಆದರೆ ಯಾರೂ ಮುಟ್ಟದಿದ್ದರೆ ಮಾವನ ಭಾನುವಾರದ ಗತಿಯೇನು? ಬೇಡವೆಂದು ಬಂದೆ.

ಹೇಳದೇ ಇರುವಂತಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ, "ಮಾವ, ಎಣ್ಣೆ ಸ್ವಲ್ಪ ಜಾಸ್ತಿ ಆಗಿತ್ತಂತೆ" ಎಂದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಹಂಗಾರೆ ಇನ್ಮ್ಯಾಲೆ ನೀನೇ ನೋಡ್ಕೋವ್ವ."

ಮುಂದಿನ ಭಾನುವಾರ ಅವರು ಹೊರಗೇ ಬರಲಿಲ್ಲ. ಒಳಗೆ ಟೀವಿ ಒದರುತ್ತಿತ್ತು. ನಾನೇ ಫಿಲ್ಟರ್ ತೊಳೆದು, ನೆರಳಲ್ಲಿ ಒಣಗಿಸಿ, ಸಂಜೆ ಅಂಗಳದಲ್ಲಿ ಎಣ್ಣೆ ಬಾಟಲಿ ಹಿಡಿದು ಕೂತೆ. ನನ್ನ ಕೈಗೆಲಸದ ಚೆಂದ ಕಿಟಕಿಯಿಂದ ಕಾಣುತ್ತಿತ್ತೋ ಏನೋ, ಟೀವಿ ನಿಂತಿತು.

"ನಡುವೆ ಎಷ್ಟು ಮಡಿಕಿ ಬಿಟ್ಟೀ ನೋಡು. ತಾ ಇಲ್ಲಿ."

ಕುರ್ಚಿ ಎಳೆದುಕೊಂಡು ಕೂತರು. ಒಂದೊಂದು ಮಡಿಕೆಗೂ ಒಂದೊಂದು ಸಣ್ಣ ಗೆರೆಯಷ್ಟೇ ಎಣ್ಣೆ ಬಿಟ್ಟರು. ಕೊನೆಯ ಮಡಿಕೆ ಮುಗಿಸಿ ಬಾಟಲಿ ಎತ್ತಿ ಹಿಡಿದು ನನ್ನ ಮುಖ ನೋಡಿದರು.

"ಸಾಕೇನವ್ವಾ?"

ಯಂತ್ರದ ವಿಷಯದಲ್ಲಿ ಈ ಮನುಷ್ಯ ಯಾರನ್ನಾದರೂ ಹೀಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಸಾಕು ಎನ್ನಲು ಮನಸ್ಸಾಗಲಿಲ್ಲ.

"ಇನ್ನೊಂದು ಹನಿ ಹಾಕಿ ಮಾವ."

"ಬ್ಯಾಡ" ಎಂದು ಅವರು ಮುಚ್ಚಳ ತಿರುಗಿಸಿದರು. "ನಾಳೆ ಒಬ್ಬಾಕಿನೇ ಸೊರಬಕ್ಕೆ ಹೋಗಬೇಕು ನೀನು."