ಮೇಸ್ತ್ರಿಯ ಬೈಗುಳ

ಎವಾರಿಸ್ತೊ ಒಂದು ಕಾಗದವನ್ನೂ ಬಿಸಾಡಿದವನಲ್ಲ. ರಿಯೊ ಗ್ರಾಂದೆ ನದಿಯ ಬದಿಯ ಕರ್ಬೂಜದ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ. ಮುಷ್ಕರ ಶುರುವಾದಾಗ ಸಂಘಕ್ಕೆ ಕರಪತ್ರ ಬರೆದ. ಟ್ರಕ್ಕಿನ ಮೇಲೆ ನಿಂತು ಆಡುವ ನಾಟಕ ಬರೆದ. ಬರೆದದ್ದು, ಹೊಡೆದುಹಾಕಿದ್ದು, ಸಭೆಯಲ್ಲಿ ಬೇಜಾರಾಗಿ ಯಾರೋ ಕತ್ತೆಯ ಚಿತ್ರ ಗೀಚಿದ್ದು, ಎಲ್ಲವೂ ಮನೆ ಸೇರಿತು. ಮಂಚದ ಕೆಳಗಿದ್ದ ಕಾಗದಕ್ಕೆ ಹುಳ ಬಿದ್ದಾಗ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಫ್ರೀಜರಿಗೆ ತುಂಬಿದ. ಹೆಂಡತಿ ಎರ್ಲಿಂದಾ ಕ್ರಿಸ್‌ಮಸ್ಸಿಗೆ ಮಾಡಿದ ತಮಾಲೆ ಕಡುಬು ಇಡಲು ಜಾಗವೇ ಉಳಿಯಲಿಲ್ಲ.

"ಹಂದಿ ಮಾಂಸದ ಪಕ್ಕ ಮುಷ್ಕರ! ಯಾವ್ದನ್ನ ಬೇಯಿಸ್ಲಿ, ಮುದುಕ?"

ಅವನು ಮೊದಲು ನಕ್ಕ. "ಯಾವ್ದು ಬೇಗ ಬೇಯುತ್ತೋ ಅದನ್ನ."

ಅವಳು ಬೈಯುವುದರಲ್ಲಿ ಪಳಗಿದವಳು. ಅವನು ಕೇಳಿಸಿಕೊಳ್ಳುವುದರಲ್ಲಿ. ಬೈಗುಳ ಮುಗಿದ ಮೇಲೆ ಪೆನ್ಸಿಲ್ ಹುಡುಕುತ್ತಿದ್ದ. ಯಾಕೆ ಎಂದು ಅವಳಿಗೆ ಗೊತ್ತಾದದ್ದು ಟ್ರಕ್ಕಿನ ಮುಂದೆ, ಊರಿನವರೆಲ್ಲರ ನಡುವೆ. ನಾಟಕದ ಮೇಸ್ತ್ರಿ ಬಾಯಿ ತೆರೆದ. ಬಂದದ್ದು ಅವಳ ಅಡುಗೆಮನೆಯ ಮಾತು. ಕೂಲಿಯವನು ಕೊಟ್ಟ ಉತ್ತರ ಎವಾರಿಸ್ತೊನದು. ಜನ ಬಿದ್ದು ಬಿದ್ದು ನಕ್ಕರು. ಅವಳು ಎದ್ದು ಮನೆಗೆ ನಡೆದಳು. ಹೊಲದಲ್ಲಿ ಹೆಂಗಸರಿಗೆ ಕುಡಿಯುವ ನೀರು ಕೊಡದವನು ಆ ಮೇಸ್ತ್ರಿ. ಅವನ ಬಾಯಿಗೆ ಇವಳ ಮಾತು! ಪೂರ್ತಿ ಒಂದು ಚಳಿಗಾಲ ಎವಾರಿಸ್ತೊ ತನ್ನ ಬೀನ್ಸ್ ತಾನೇ ಬೇಯಿಸಿಕೊಂಡ. ಅದನ್ನೂ ಸೀದು ಹಾಕಿದ.

ಈ ವಸಂತದಲ್ಲಿ ಅವನು ತೀರಿಕೊಂಡ. ವಿಶ್ವವಿದ್ಯಾಲಯದ ಪತ್ರಾಗಾರದಿಂದ ಯೆಸೆನಿಯಾ ಎಂಬ ಹೆಣ್ಣುಮಗಳು ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಬಂದಳು. ಮುಷ್ಕರದ ಕಾಗದವೆಲ್ಲ ಅವರಿಗೆ ಬೇಕಂತೆ.

"ಮೊದಲು ಏನ್ ಮಾಡ್ತೀರ ಇದನ್ನ?" ಎರ್ಲಿಂದಾ ಕೇಳಿದಳು.

"ಹುಳ ಸಾಯ್ಲಿ ಅಂತ ಫ್ರೀಜರಲ್ಲಿ ಇಡ್ತೀವಿ, ದೋನ್ಯಾ ಎರ್ಲಿಂದಾ."

ಎರ್ಲಿಂದಾ ಗೋಡೆಯ ಮೇಲಿನ ಗಂಡನ ಫೋಟೋ ನೋಡಿದಳು. "ಕೇಳಿಸ್ತಾ? ಇಷ್ಟು ವರ್ಷ ನನ್ನ ಕೈಲಿ ಬೈಸ್ಕೊಂಡ್ಯಲ್ಲ, ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

ಯೆಸೆನಿಯಾ ಚೀಲಗಳನ್ನು ಬಿಚ್ಚಿ ನೋಡಿದಳು. "ಮೇಸ್ತ್ರಿಯ ನಾಟಕ ಕಾಣಿಸ್ತಿಲ್ಲ."

"ಇಲಿ ತಿಂತು."

"ಫ್ರೀಜರ್ ಒಳಗಾ?"

"ನಮ್ಮನೆ ಇಲಿಗೆ ಚಳಿ ಆಗಲ್ಲ."

ನಾಟಕ ಒಲೆಯ ಪಕ್ಕದ ಹಂದಿಕೊಬ್ಬಿನ ಡಬ್ಬಿಯಲ್ಲಿತ್ತು. ಸುಡಬೇಕೆಂದೇ ಎತ್ತಿಟ್ಟಿದ್ದಳು. ಪತ್ರಾಗಾರಕ್ಕೆ ಹೋದರೆ ಅದು ಸಾಯುವುದಿಲ್ಲ. ಅವಳು ಸತ್ತ ಮೇಲೂ ಯಾರೋ ಬಂದು ಕೇಳುತ್ತಾರೆ, ಓದುತ್ತಾರೆ. ಕಾಗದ ಇರುವಷ್ಟು ಕಾಲ ಎರ್ಲಿಂದಾ ಮೇಸ್ತ್ರಿಯೇ. ಆದರೂ ವಾರದಿಂದ ಬೆಂಕಿಕಡ್ಡಿ ಗೀರಿರಲಿಲ್ಲ. ಮನೆಯಲ್ಲಿ ಬೈಯಲು ಯಾರೂ ಇರಲಿಲ್ಲ. ಬೆಕ್ಕಿಗೆ ಬೈದರೆ ಅದು ಎದ್ದು ಹೋಗುತ್ತಿತ್ತು. ಅವಳು ಬೈದದ್ದೂ ಅವನು ಕೊಟ್ಟ ಉತ್ತರವೂ ಒಟ್ಟಿಗೆ ಉಳಿದದ್ದು ಆ ಡಬ್ಬಿಯಲ್ಲಿ ಮಾತ್ರ.

ಯೆಸೆನಿಯಾ ಒತ್ತಾಯ ಮಾಡಲಿಲ್ಲ. ಪೆಟ್ಟಿಗೆಗಳನ್ನು ಕಾರಿಗೆ ಹಾಕಿದಳು. ಕೊನೆಯದನ್ನು ಎತ್ತುವಾಗ ಎರ್ಲಿಂದಾ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದಳು.

"ಮಾತು ರೆಕಾರ್ಡ್ ಮಾಡೋ ಯಂತ್ರ ಇದ್ಯಾ ನಿನ್ನ ಹತ್ರ?"

"ಇದೆ."

"ಹಚ್ಚು. ಬರೀ ಓದಿದ್ರೆ ಇದು ಮೇಸ್ತ್ರಿ ಬೈಗುಳ ಅಂದ್ಕೋತಾರೆ. ಯಾರ ಬೈಗುಳ ಅಂತ ಕೇಳಿಸ್ಕೊಳ್ಲಿ."

ಯಂತ್ರದ ಕೆಂಪು ದೀಪ ಹತ್ತಿತು. ಎರ್ಲಿಂದಾ ತನ್ನ ಹೆಸರು ಹೇಳಿದಳು. ಎವಾರಿಸ್ತೊ ಕೂರುತ್ತಿದ್ದ ಕುರ್ಚಿಯತ್ತ ತಿರುಗಿದಳು. ಕಾಗದ ನೋಡಲಿಲ್ಲ.

"ನಿಂತ್ಕೊಂಡೇ ನಿದ್ದೆ ಮಾಡ್ತೀಯಲ್ಲೋ, ಕುದುರೆ ಥರ! ಕುದುರೆಯಾದ್ರೂ ಗಾಡಿ ಎಳೆಯುತ್ತೆ!"

ಬೆಕ್ಕು ಓಡಿತು. ಮುಂದಿನ ಮಾತು ಕೂಲಿಯವನದು. ಕುರ್ಚಿ ಖಾಲಿ. ಯೆಸೆನಿಯಾ ಡಬ್ಬಿಯ ಮುಚ್ಚಳ ತೆರೆದಳು. ಆಮೇಲೆ ಕಾಗದ ತೆಗೆದುಕೊಂಡು, ಇಗರ್ಜಿಯಲ್ಲಿ ಬೈಬಲ್ ಓದುವವಳಂತೆ ಓದಿದಳು: "ಎಳೀತೀನಿ ಯಜಮಾನ್ರೆ. ಗಾಡಿ ಯಾರ್ದು ಅಂತ ಮೊದ್ಲು ಹೇಳಿ."

"ಥೂ, ಹಾಗಲ್ಲ ಮಗಳೇ." ಎರ್ಲಿಂದಾ ಅಂಗಿಯ ತೋಳಲ್ಲೇ ಮೂಗು ಒರೆಸಿಕೊಂಡಳು. "ಅವನು ಮೊದ್ಲು ನಗ್ತಿದ್ದ. ನೀನೂ ನಗು. ಇನ್ನೊಂದ್ಸಲ ಬೈತೀನಿ."