ಭಾವ ಹೊಲಿದ ಕೋಳಿ

ನಮ್ಮ ಭಾವನಷ್ಟು ಬಿಗಿಯಾಗಿ ಬಟ್ಟೆ ಹೊಲಿಯುವ ಟೇಲರ್ ಇನ್ನೊಬ್ಬರಿಲ್ಲ. ಇದು ಹೊಗಳಿಕೆ ಅಂದುಕೊಳ್ಳಬೇಡಿ. ಬುದ್ಧಿಯಿರುವ ಯಾವ ಟೇಲರ್ ಆದರೂ ಅಂಗಿಯ ಪಕ್ಕೆಯ ಹೊಲಿಗೆಯೊಳಗೆ ಎರಡು ಬೆರಳಿನಷ್ಟು ಬಟ್ಟೆ ಬಿಟ್ಟಿರುತ್ತಾರೆ. ತೊಟ್ಟವರು ನಾಳೆ ದಪ್ಪಗಾದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು. ಭಾವ ಬಿಡುವವರಲ್ಲ. ಒಳಗೆ ಬಟ್ಟೆ ಮುದುರಿಕೊಂಡಿದ್ದರೆ ಅಂಗಿಯ ಅಂದ ಕೆಡುತ್ತದಂತೆ. ಮೈಯಳತೆ ಎಷ್ಟೋ ಅಷ್ಟಕ್ಕೇ ಕತ್ತರಿ. ನಲವತ್ತು ವರ್ಷದಿಂದ ಊರಿನ ಅರ್ಧದಷ್ಟು ಗಂಡಸರು ಇವರ ದೆಸೆಯಿಂದ ಹೊಟ್ಟೆ ಒಳಗೆಳೆದುಕೊಂಡೇ ಓಡಾಡುತ್ತಿದ್ದಾರೆ. ಬೆನ್ನ ಹಿಂದೆ ಎಲ್ಲರೂ ಇವರನ್ನು ‘ಬಿಗಿ ಮಾಸ್ತರು’ ಅನ್ನುತ್ತಾರೆ. ಅದು ಕಿವಿಗೆ ಬಿದ್ದಾಗಲೂ ಬಿರುದು ಸಿಕ್ಕವರ ಹಾಗೆ ಮುಗುಳ್ನಗುತ್ತಾರೆ.

ಕುಳಿತಲ್ಲೇ ಪ್ಯಾಂಟು ಹರಿದುಕೊಂಡ ಬ್ಯಾಂಕ್ ಮ್ಯಾನೇಜರು ಒಮ್ಮೆ ಕೂಗಾಡುತ್ತ ಬಂದಿದ್ದರು. ಭಾವ ಹರಿದ ಜಾಗವನ್ನು ಬೆಳಕಿಗೆ ಹಿಡಿದು, “ಹೊಲಿಗೆ ನೋಡಿ ಸಾರ್, ಒಂದ್ ಎಳೆ ಬಿಟ್ಟಿಲ್ಲ. ಹರಿದಿರೋದು ಬಟ್ಟೆ. ಅಳತೆ ಕೊಟ್ಟ ಮೇಲೆ ದಪ್ಪ ಆದ್ರೆ ನಾನೇನ್ ಮಾಡ್ಲಿ?” ಅಂದರು. ಹದಿನೆಂಟು ವರ್ಷದಿಂದ ಅದೇ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಗುಂಡಿ ಮಾಡುತ್ತಿರುವವಳು ನಾನು. ಹೊಲಿಗೆ ಬಿಚ್ಚುವ ಕೆಲಸವೂ ನನ್ನದೇ. ಇವರನ್ನು ಆಡಿಕೊಳ್ಳುವ ಹಕ್ಕು ನನಗಿರುವಷ್ಟು ಇನ್ಯಾರಿಗೂ ಇಲ್ಲ.

ಈ ವರ್ಷ ನಮ್ಮಕ್ಕ ನ್ಯುಮೋನಿಯ ಬಂದು ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಮನೆಗೆ ಬಂದವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ಏನು ಕೊಟ್ಟರೂ ಎರಡು ತುತ್ತಿಗೆ ತಟ್ಟೆ ತಳ್ಳುತ್ತಿದ್ದಳು. “ಹೀಗೇ ಆದ್ರೆ ಮುಂದಿನ ವಾರ ಮತ್ತೆ ಅಡ್ಮಿಟ್ ಮಾಡ್ಕೋಬೇಕಾಗತ್ತೆ, ಮೂಗಿಗೆ ಟ್ಯೂಬ್ ಹಾಕ್ತೀವಿ” ಎಂದು ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. ಆಗ ನಮ್ಮ ಮಹಾನುಭಾವರು ಮಾಡಿದ ಘನಕಾರ್ಯವೇನು ಗೊತ್ತೇ? ಅಕ್ಕನ ಏಳು ಅಂಗಿಗಳನ್ನೂ ಅಂಗಡಿಗೆ ಒಯ್ದು, ಅವಳ ಹೊಸ ಅಳತೆಗೆ ಚಿಕ್ಕದು ಮಾಡಿ ತಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿ ಕಡ್ಡಿಯಾಗಿದ್ದಾಳೆ, ಇನ್ನು ಕಡ್ಡಿಯಾಗಿಯೇ ಇರುತ್ತಾಳೆ ಎಂದು ತೀರ್ಮಾನಿಸಿ ಕತ್ತರಿ ಆಡಿಸಿದರಲ್ಲ! ಆ ಅಂಗಿಗಳನ್ನು ಮುಟ್ಟಲೂ ನನಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಅಕ್ಕ ಮಲಗಿದಲ್ಲೇ ಫೋನಿನಲ್ಲಿ ಕೊರಿಯಾದ ಧಾರಾವಾಹಿ ನೋಡುತ್ತ, “ಆ ಕೋಳಿ ಸೂಪ್ ಸಿಕ್ಕಿದ್ರೆ ಒಂಚೂರು ಕುಡೀತಿದ್ದೆ” ಅಂದಳು. ತಿಂಗಳಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಎಳೆಯ ಕೋಳಿಯನ್ನು ಇಡಿಯಾಗಿ ಇಟ್ಟುಕೊಂಡು, ಹೊಟ್ಟೆಯೊಳಗೆ ಅಂಟು ಅಕ್ಕಿ, ಬೆಳ್ಳುಳ್ಳಿ, ಒಣ ಎಲಚಿಹಣ್ಣು, ಜಿನ್ಸೆಂಗ್ ಎಂಬ ಬೇರು ತುಂಬಿ ಹೊಲಿದು, ಗಂಟೆಗಟ್ಟಲೆ ಕುದಿಸುವ ಸೂಪು ಅದು. ನಾನು ಮಾಡುತ್ತೇನೆ ಅಂದೆ. ಭಾವ ಕೈ ಅಡ್ಡ ಹಿಡಿದು, “ಹೊಲಿಯೋ ಕೆಲಸ ಇದೆ, ನಿನಗಾಗಲ್ಲ” ಅಂದರು. ಚಹಾ ಕಾಸುವಾಗಲೂ ಪಾತ್ರೆ ಸೀಯಿಸುವ ಮನುಷ್ಯ!

ಮರುದಿನ ಬೆಳಿಗ್ಗೆ ಕೊರಳಲ್ಲಿ ಟೇಪು ತೂಗಿಸಿಕೊಂಡೇ ಅಡುಗೆಮನೆಗೆ ಬಂದರು. ಅಡುಗೆಯ ವಿಡಿಯೋ ಹನ್ನೊಂದು ಸಲ ನೋಡಿದ್ದರಂತೆ. ಮೊದಲು ಕೋಳಿಯ ಎದೆಯಳತೆ ತೆಗೆದರು. ಸುಳ್ಳಲ್ಲ, ಹನ್ನೊಂದೂವರೆ ಇಂಚು ಎಂದು ಸೀಮೆಸುಣ್ಣದಲ್ಲಿ ಕಟ್ಟೆಯ ಮೇಲೆ ಬರೆದರು. ಆಮೇಲೆ ಅಕ್ಕಿಯನ್ನು ನೆನೆಸದೆ, ಕತ್ತಿನವರೆಗೂ ಗಿಡಿದು ತುಂಬತೊಡಗಿದರು.

“ಭಾವ, ಅಕ್ಕಿ ಅರಳತ್ತೆ. ಅರ್ಧ ಜಾಗ ಬಿಡಿ” ಅಂದೆ.

“ಅರ್ಧ ಖಾಲಿ ಬಿಟ್ರೆ ಆಕಾರ ಎಲ್ಲಿ ನಿಲ್ಲತ್ತೆ? ನೀನು ನಿನ್ನ ಕಾಜಾ ನೋಡ್ಕೋ.”

ಬಿಳಿ ಹತ್ತಿ ನೂಲು ಪೋಣಿಸಿ ಹೊಲಿಯಲು ಕೂತರು. ಹೊಲಿಗೆ ಎಷ್ಟು ಸಣ್ಣದೆಂದರೆ ಮದುವೆ ಕೋಟಿಗೂ ಅಷ್ಟು ಕಣ್ಣಿಟ್ಟವರಲ್ಲ. ಕೊನೆಗೆ ಅಭ್ಯಾಸಬಲದಿಂದ ನೂಲನ್ನು ಹಲ್ಲಿನಲ್ಲಿ ಕಡಿಯಲು ಬಗ್ಗಿದವರು, ಮೂಗಿಗೆ ಕೋಳಿ ತಾಗಿದಾಗ ಬೆಚ್ಚಿ ನನ್ನ ಕಡೆ ಕೈಚಾಚಿ ಕತ್ತರಿ ಕೇಳಿದರು.

ನಲವತ್ತು ನಿಮಿಷ ಕುದಿದಿರಬೇಕು. ಮುಚ್ಚಳ ಎಗರಿ ನೆಲಕ್ಕೆ ಬಿತ್ತು. ಉಬ್ಬಿದ ಅಕ್ಕಿ ಕೋಳಿಯ ಬೆನ್ನು ಸೀಳಿಕೊಂಡು ಹೊರಗೆ ಬಂದು, ಪಾತ್ರೆಯ ತುಂಬ ಬಿಳಿ ಗಂಜಿಯಾಗಿ ಕೊತಕೊತ ಅನ್ನುತ್ತಿತ್ತು. ಭಾವ ಸೌಟಿನಲ್ಲಿ ಒಂದು ಚೂರು ಚರ್ಮ ಎತ್ತಿ ಬೆಳಕಿಗೆ ಹಿಡಿದರು.

“ಹೊಲಿಗೆ ನೋಡು. ಒಂದ್ ಎಳೆ ಬಿಟ್ಟಿಲ್ಲ.”

ನನಗೆ ನಗು ಉಕ್ಕಿ ಬಂತು. ಆದರೆ ಅವರು ಅಲ್ಲೇ ಮಣೆಯ ಮೇಲೆ ಕುಸಿದು, “ಅವಳು ಕೇಳಿದ್ದು ಇದೊಂದೇ” ಅಂದರು. ಆ ಮುಖವನ್ನು ನಾನು ಹದಿನೆಂಟು ವರ್ಷದಲ್ಲಿ ನೋಡಿರಲಿಲ್ಲ. ಬೇರೆ ದಾರಿ ಕಾಣದೆ, ಇದ್ದದ್ದನ್ನೇ ಒಂದು ಬಟ್ಟಲಿಗೆ ಬಗ್ಗಿಸಿ, ಮೂಳೆ ತೆಗೆದು, ಉಪ್ಪು ಮೆಣಸು ಉದುರಿಸಿ ಒಳಗೆ ಒಯ್ದೆ. ಭಾವ ಬಾಗಿಲ ಹತ್ತಿರವೇ ನಿಂತರು.

ಅಕ್ಕ ಬಟ್ಟಲೊಳಗೆ ಇಣುಕಿ, “ಕೋಳಿ ಎಲ್ಲಿ ರೀ?” ಅಂದಳು.

“ಒಳಗಡೆ ಇದೆ. ಸ್ವಲ್ಪ... ಬಿಗಿ ಆಯ್ತು.”

ಅಕ್ಕ ನಕ್ಕಳು. ಕೆಮ್ಮು ಬಂತು, ಮತ್ತೆ ನಕ್ಕಳು, ಮೊದಲ ಚಮಚ ಎದೆಯ ಮೇಲೆಲ್ಲ ಚೆಲ್ಲಿಕೊಂಡಳು. ಎರಡನೆಯದು ಬಾಯಿಗೆ ಹೋಯಿತು. ಆಮೇಲೆ ಮೂರನೆಯದು. ಅಗಿಯುವ ಶಕ್ತಿಯೇ ಇಲ್ಲದವಳ ಮುಂದೆ ಇಡೀ ಕೋಳಿ ತಂದಿಟ್ಟಿದ್ದರೆ ನೋಡಿಯೇ ಸುಸ್ತಾಗುತ್ತಿದ್ದಳು. ಈ ಗಂಜಿ ತಾನಾಗಿ ಇಳಿಯಿತು. ಬಟ್ಟಲು ಖಾಲಿಯಾಯಿತು. ಅಯೋಗ್ಯತನಕ್ಕೂ ಹೀಗೆ ಅದೃಷ್ಟ ಕೂಡಿಬರಬಾರದು ಎಂದುಕೊಂಡೆ.

ಚೆಲ್ಲಿದ ಅಂಗಿಯನ್ನು ಬಿಚ್ಚಿಸಿ ಬಚ್ಚಲಿಗೆ ತಂದು ಒಳಹೊರಗು ಮಾಡಿದವಳು ಹಾಗೇ ನಿಂತುಬಿಟ್ಟೆ. ಪಕ್ಕೆಯಲ್ಲಿ ಬಟ್ಟೆ ಕತ್ತರಿಸಿರಲೇ ಇಲ್ಲ. ಎರಡು ಬೆರಳಲ್ಲ, ನಾಲ್ಕು ಬೆರಳಿನಷ್ಟು ಅಚ್ಚುಕಟ್ಟಾಗಿ ಒಳಗೆ ಮಡಚಿಟ್ಟಿತ್ತು. ಒಂದರ ಪಕ್ಕ ಒಂದು, ಮೂರು ಸಾಲು ಉದ್ದುದ್ದ ಕಚ್ಚಾ ಹೊಲಿಗೆ. ನೂಲಿನ ತುದಿ ಹಿಡಿದು ಎಳೆದರೆ ಸಾಕು, ಒಂದೊಂದೇ ಸಾಲು ಬಿಚ್ಚಿಕೊಳ್ಳುತ್ತದೆ. ಓಡಿಹೋಗಿ ಬೀರು ತೆರೆದೆ. ಉಳಿದ ಆರೂ ಹಾಗೆಯೇ ಇದ್ದವು.

ನಾಚಿಕೆಯಾಯಿತು. ನನಗೆ ನಾಚಿಕೆಯಾದರೆ ಅದು ಸಿಟ್ಟಾಗಿಯೇ ಬಾಯಿಗೆ ಬರುತ್ತದೆ. ಅಡುಗೆಮನೆಗೆ ಹೋಗಿ, “ಇಷ್ಟೆಲ್ಲ ಬಿಡೋಕೆ ಬರತ್ತಲ್ಲ, ಕೋಳಿಗೂ ಒಂಚೂರು ಬಿಡೋಕೆ ಏನಾಗಿತ್ತು ನಿಮಗೆ?” ಎಂದು ರೇಗಿದೆ.

ಭಾವ ಸೀದ ಪಾತ್ರೆ ಉಜ್ಜುತ್ತಿದ್ದರು. “ಕೋಳಿ ದಪ್ಪ ಆಗ್ಲಿ ಅಂತ ನಾನು ಕಾಯ್ತಿರ್ಲಿಲ್ವಲ್ಲ” ಅಂದರು.

ಡಾಕ್ಟರಮ್ಮ ಹೇಳಿದ್ದ ಆ ವಾರ ಅಕ್ಕ ಮತ್ತೆ ಆಸ್ಪತ್ರೆ ಸೇರಲಿಲ್ಲ. ಇದರಿಂದ ಭಾವ ಬುದ್ಧಿ ತಿದ್ದಿಕೊಂಡರು ಅಂದುಕೊಂಡರೆ ನಿಮ್ಮಂಥ ಪೆದ್ದರಿಲ್ಲ. ಎರಡು ತಿಂಗಳ ಮೇಲೆ ಹೊಲಿದ ಬ್ಯಾಂಕ್ ಮ್ಯಾನೇಜರ ಹೊಸ ಪ್ಯಾಂಟಿಗೂ ಅವರು ಒಂದು ನೂಲಿನಷ್ಟು ಬಟ್ಟೆ ಬಿಟ್ಟಿಲ್ಲ. ಆ ಪ್ಯಾಂಟಿಗೆ ನಾನು ಗುಂಡಿ ಹಾಕುತ್ತಿದ್ದಾಗಲೇ, ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಅಕ್ಕ ಅಂಗಡಿಗೆ ನಡೆದು ಬಂದಳು. “ಅಂಗಿ ಪಕ್ಕೆಯಲ್ಲಿ ಹಿಡೀತಿದೆ ಕಣೇ, ನೋಡು” ಎಂದು ಕೈ ಎತ್ತಿ ನಿಂತಳು. ಭಾವ ತಲೆ ಎತ್ತಲಿಲ್ಲ, ಆದರೆ ಮೆಷಿನ್ ನಿಂತಿತು. ನಾನು ಅಂಗಿಯೊಳಗೆ ಬೆರಳು ತೂರಿಸಿ, ನೂಲಿನ ತುದಿ ಹುಡುಕಿ, ಮೊದಲನೆಯ ಸಾಲು ಎಳೆದೆ.